ನೆಲಕ್ಕೆ ಉಳಿ ಹೊಡೆಸಿದ ಅಕ್ಕೋರು

ಹೋದದ್ದು ಯಾವ ಕಾಲು ಎಂಬುದು ನನಗೆ ಖಚಿತವಿಲ್ಲ. ಹಿಂದಿನ ಕಾಲು, ಅಷ್ಟರ ಬಗ್ಗೆ ಜಗಳವಿಲ್ಲ. ನನ್ನ ನೆನಪಿನಲ್ಲಿ ಅದು ಬಲಗಾಲು. ಇಳಕಲ್ಲಿನ ಆ ಮನೆಯ ಪಡಸಾಲೆ, ಕೌದಿಯ ಮೇಲೆ ಮಲಗಿದ ಕರಿ ಬೆಕ್ಕು, ಕೂದಲು ಬೋಳಿಸಿದ ಬಲಸೊಂಟ, ಅದರ ಮೇಲೆ ಹೊಲಿಗೆಯ ಸಾಲು, ಎಲ್ಲ ನಿಚ್ಚಳವಾಗಿ ಕಾಣುತ್ತವೆ. ಇಷ್ಟು ನಿಚ್ಚಳವಾಗಿ ಕಾಣುವುದರಿಂದಲೇ ನನಗೆ ಅನುಮಾನ. ನಾನು ನಿಜಕ್ಕೂ ಕಣ್ಣಾರೆ ಕಂಡ ಎಷ್ಟೋ ಸಂಗತಿಗಳು ಇದಕ್ಕಿಂತ ಮಬ್ಬಾಗಿವೆ.

ಕಳೆದ ತಿಂಗಳು ಆ ಮನೆಯ ಪಕ್ಕದ ನೇಕಾರ ಈರಣ್ಣನಿಗೆ ಫೋನು ಮಾಡಿ ಕೇಳಿದೆ.

"ಎಡಗಾಲ್ರಿ ಸರ. ಎಡಗಾಲ," ಎಂದ.

ಹಿಂದಿನಿಂದ ಅವನ ಹೆಂಡತಿ ಶಂಕ್ರವ್ವ ಕೂಗಿದ್ದು ಕೇಳಿಸಿತು: "ಏನ್ ಎಡಗಾಲ? ಬಲಗಾಲ ಅದು. ಕುಬಸಾ ಹೊಲದಾಕಿ ನಾ. ನನಗ ಗೊತ್ತಿಲ್ಲೇನು?"

"ನೀ ಎದುರಿಗೆ ಕುಂತ ಹೊಲದೀದಿ. ಎದುರಿಗೆ ಕುಂತ್ರ ಎಡಕಿಂದು ಬಲಕ್ಕ ಕಾಣತೈತಿ."

"ನಿಮಗ ದಿನಾ ಲಾಳಿ ಎಡಕ್ಕ ಬಲಕ್ಕ ಒಗದು ಒಗದು ಎರಡೂ ಒಂದ ಆಗ್ಯಾವ, ಸುಮ್ಮಕಿರ್ರಿ."

ಆ ಜಗಳದಲ್ಲೇ ಫೋನು ಕಟ್ಟಾಯಿತು. ತಪ್ಪಿಲ್ಲದೆ ಹೇಳಬಲ್ಲವರು ಒಬ್ಬರಿದ್ದರು. ಅವರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ನಾನು ಬರೆಯಲು ಕೂತದ್ದು ಅವರ ಬಗ್ಗೆಯೇ. ಬಾದಾಮಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ನಾನು, ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ಈ ಬರಹದ ಮಟ್ಟಿಗೆ ಆ ಒಬ್ಬ ಸಾಕ್ಷಿ ನಾನೇ. ಓದುವವರು ಅಷ್ಟು ಎಚ್ಚರದಿಂದಿರಬೇಕು.

ಊರಿಗೆಲ್ಲ ಅವರು ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಹೆಸರು ಹೇಳಿ ವಿಚಾರಿಸಿದರೆ ಓಣಿಯಲ್ಲಿ ಯಾರೂ ಮನೆ ತೋರಿಸುತ್ತಿರಲಿಲ್ಲ, ಅಕ್ಕೋರು ಎಂದರೆ ಬಾಗಿಲಿನವರೆಗೆ ಬಿಟ್ಟು ಬರುತ್ತಿದ್ದರು. ಹಾಗಾಗಿ ಇಲ್ಲಿಯೂ ಹೆಸರು ಬೇಡ. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದರೆ ಸಂಜೆಯವರೆಗೆ ಅದು ಕದಲುತ್ತಿರಲಿಲ್ಲ. ಮಾತು ಮುಗಿಯಿತು ಎನ್ನುವುದಕ್ಕೆ ಅವರದೊಂದು ಗುರುತಿತ್ತು. ತೋರುಬೆರಳಿನಿಂದ ಗಾಳಿಯಲ್ಲಿ ಎರಡು ಗೆರೆ ಎಳೆಯುತ್ತಿದ್ದರು, ಬೋರ್ಡಿನ ಮೇಲೆ ಉತ್ತರದ ಕೆಳಗೆ ಎಳೆಯುವ ಹಾಗೆ. ಆ ಗೆರೆ ಬಿದ್ದಮೇಲೆ ವಾದ ಇಲ್ಲ.

ನಾನು ಆಗ ಹತ್ತಿರದ ಹುನಗುಂದದಲ್ಲಿ ನೌಕರಿ ಮಾಡುತ್ತಿದ್ದೆ. ಇಳಕಲ್ಲಿನಲ್ಲಿ ಅವರ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದು ದಿನಾ ಹೋಗಿಬರುತ್ತಿದ್ದೆ. ಕೋಣೆ ಕೇಳಲು ಹೋದ ದಿನ ಅವರು ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿಯೇ ಮಾತಾಡಿಸಿದರು.

"ಧಾರವಾಡದಾಗ ಎಂ.ಎ. ಆಗ್ಯದ. ಮ್ಯಾಲ ಪಿಎಚ್.ಡಿ. ಆಗ್ಯದ. ದೇವರನ್ನ ನಂಬತೀಯೇನು?"

"ಇಲ್ರಿ."

"ಸರಕಾರನ್ನ?"

"ಇಲ್ರಿ."

"ನಿನ್ನನ್ನ?"

"ಅದೂ ಅಷ್ಟಕ್ಕಷ್ಟರಿ."

"ಛಲೋ ಆತು. ಕಾಲ ಒರಸಿಕೊಂಡು ಮ್ಯಾಲ ಹೋಗು. ನೆಲಾ ಹೊಲಸ ಆಗಬಾರದು."

ಆ ನೆಲದ ಬಗ್ಗೆ ಹೇಳಲೇಬೇಕು. ಇಳಕಲ್ಲಿನ ಕೆಂಪು ಗ್ರಾನೈಟು. ನಿವೃತ್ತರಾದ ವರ್ಷ ಅಕ್ಕೋರು ತಾವೇ ಕಾರ್ಖಾನೆಗೆ ಹೋಗಿ ಒಂದೊಂದು ಹಾಸುಗಲ್ಲನ್ನೂ ಬಿಸಿಲಿಗೆ ಹಿಡಿಸಿ ನೋಡಿ ಆರಿಸಿ ತಂದದ್ದು. ಪಾಲಿಶ್ ಎಂದರೆ ಎಂಥ ಪಾಲಿಶ್! ಮೇಲೆ ಫ್ಯಾನು ತಿರುಗಿದರೆ ಕೆಳಗೊಂದು ಫ್ಯಾನು ತಿರುಗುತ್ತಿತ್ತು. ಬಂದವರಿಗೆ ಅವರು ಮೊದಲು ನೆಲ ತೋರಿಸುತ್ತಿದ್ದರು, ಆಮೇಲೆ ಚಹಾ ಕೊಡುತ್ತಿದ್ದರು. ಜೀವನದಲ್ಲಿ ಅವರು ತಮಗೆಂದು ಮಾಡಿಕೊಂಡ ಒಂದೇ ಷೋಕಿ ಅದು.

ಅವರ ಇನ್ನೊಂದು ಮಾತು "ಸಾಧಿಸಿ ತೋರಸು". ರೇಖಾಗಣಿತದ್ದು. ಈ ಸಲ ಮಳೆ ಚೆನ್ನಾಗಿದೆ ಎಂದರೂ, ಆ ಮನೆಯ ಸೊಸೆ ಗಟ್ಟಿಗಿತ್ತಿ ಎಂದರೂ, ಇಂದಿನ ಹಾಲು ನೀರಾಗಿದೆ ಎಂದರೂ, "ಸಾಧಿಸಿ ತೋರಸು". ಹಾಲಿನವ ಅವರ ಮನೆಗೆ ಬರುವಾಗ ಮುಖ ಗಂಟು ಹಾಕಿಕೊಂಡೇ ಬರುತ್ತಿದ್ದ.

ಬೆಕ್ಕಿಗೆ ಹೆಸರಿಟ್ಟವನು ಈರಣ್ಣ. ಕರಿ ಮೈ, ಬಿಸಿಲಿಗೆ ಬಂದರೆ ಅಂಚಿನಲ್ಲಿ ಕೆಂಪು ಹೊಳಪು. ಕೆಂಪು ದಡಿಯ ಕರಿ ಸೀರೆಗೆ ನಮ್ಮಲ್ಲಿ ಚಂದ್ರಕಾಳಿ ಎನ್ನುತ್ತಾರೆ. ಬೆಕ್ಕೂ ಚಂದ್ರಕಾಳಿಯಾಯಿತು, ಕರೆಯುವಾಗ ಚಂದ್ರಿ. ಉಣ್ಣುವುದು ಅಕ್ಕೋರ ಮನೆಯಲ್ಲಿ, ನೌಕರಿ ಈರಣ್ಣನ ಮನೆಯಲ್ಲಿ. ಅವನ ಮಗ್ಗದ ಮನೆಯ ಮೇಲೆ ಒಂದು ಅಟ್ಟವಿತ್ತು. ಮಗ್ಗಕ್ಕೆ ಹೂಡಲು ಗಂಜಿ ಹಚ್ಚಿದ ಉದ್ದನೂಲಿನ ಹಾಸುಗಳನ್ನು ಸುತ್ತಿ ಅಲ್ಲಿಡುತ್ತಿದ್ದ. ಗಂಜಿಯ ಆಸೆಗೆ ಇಲಿ ಬರುತ್ತವೆ, ಒಂದು ಇಲಿ ಒಂದು ಸಲ ಬಾಯಿ ಹಾಕಿದರೆ ವಾರದ ದುಡಿಮೆ ಹೋದ ಹಾಗೆ. ಚಂದ್ರಿ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಈರಣ್ಣನ ಮನೆ ಹೊಕ್ಕು, ಕಟ್ಟಿಗೆಯ ಕಂಬ ಏರಿ ಅಟ್ಟದಲ್ಲಿ ಕೂರುತ್ತಿತ್ತು. ಕೆಳಗೆ ಮಗ್ಗ ಬಡಿಯುತ್ತಿದ್ದರೆ ಮೇಲಿನಿಂದ ಅದರ ಬಾಲ ಇಳಿಬಿದ್ದಿರುತ್ತಿತ್ತು. "ನಮ್ಮ ಮೇಸ್ತ್ರಿ," ಎನ್ನುತ್ತಿದ್ದ ಈರಣ್ಣ.

ಚಂದ್ರಿಯ ಹಿಂದಿನ ಕಾಲಿನ ಮೊಣಕಾಲ ಹತ್ತಿರ ಗಂಟು ಕಂಡದ್ದು ಅಕ್ಕೋರಿಗೆ. ದನದ ದವಾಖಾನೆಯಲ್ಲಿ ಎಮ್ಮೆಗಳ ನಡುವೆ, ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಪಾಳಿಯಲ್ಲಿ ನಿಂತರು. ಎಮ್ಮೆ ಹಿಡಿದುಕೊಂಡವನೊಬ್ಬ ನಕ್ಕ: "ಏನ್ರಿ ಅಕ್ಕೋರ, ಬೆಕ್ಕಿಗೂ ಪಾಳಿ ಏನ್ರಿ?"

"ನಿನ್ನ ಎಮ್ಮಿ ನನಗಿಂತ ಮೊದಲು ಬಂದದ. ಅದರ ಹಿಂದ ನಾ. ಇದರಾಗ ನಗೂದು ಏನದ?" ಎಂದರು. ಅವನು ಅವರ ಹಳೆಯ ವಿದ್ಯಾರ್ಥಿಯಂತೆ, ಎಮ್ಮೆಯ ಮರೆಗೆ ಸರಿದ. ಇದು ನಾನು ಕೇಳಿದ ಕತೆ, ಕಂಡದ್ದಲ್ಲ.

ಅಲ್ಲಿನ ಡಾಕ್ಟರು ಬಾಗಲಕೋಟೆಯಲ್ಲಿ ನಾಯಿ ಬೆಕ್ಕು ನೋಡುವ ಇನ್ನೊಬ್ಬರ ಹೆಸರು ಹೇಳಿದರು. ಬಾಗಲಕೋಟೆಯ ಬಸ್ಸಿನಲ್ಲಿ ಬುಟ್ಟಿ ಹಿಡಿಯಲು ನಾನಿದ್ದೆ. ಇದನ್ನು ಕಂಡಿದ್ದೇನೆ.

ಕಂಡಕ್ಟರು ಬುಟ್ಟಿಯೊಳಗೆ ಇಣುಕಿ ತಲೆ ಕೆರೆದುಕೊಂಡ. "ಕೋಳಿ ಆದ್ರ ಟಿಕೆಟ್ ಐತ್ರಿ. ಬೆಕ್ಕಿಂದು ನನಗ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ಕೋಳಿ ಅಂತ ಕೊಡು. ಆಮ್ಯಾಲೆ ತತ್ತಿ ಕೇಳಬ್ಯಾಡ."

ಅಮೀನಗಡದಲ್ಲಿ ಬಸ್ಸು ನಿಂತಾಗ ಜನ ಕರದಂಟು ಕೊಳ್ಳಲು ಇಳಿದರು. ಮುಂದಿನ ಸೀಟಿನ ಹೆಂಗಸು ಹಿಂದಿರುಗಿ, "ಅಯ್ಯೋ ಪಾಪ, ಏನಾಗೇತ್ರಿ ಇದಕ್ಕ?" ಎಂದಳು. ಅಕ್ಕೋರು ಕಿಟಕಿಯಾಚೆ ನೋಡುತ್ತಲೇ, "ಕ್ಯಾನ್ಸರ್ ಆಗ್ಯದ. ಪಾಪ ಮಾಡಿ ಆಗಿಲ್ಲ, ಸುಮ್ಮನ ಆಗ್ಯದ," ಎಂದರು. ದನದ ದವಾಖಾನೆಯಲ್ಲಿ ಗಂಟಿಗೆ ಸೂಜಿ ಚುಚ್ಚಿ ತೆಗೆದದ್ದರ ವರದಿ ಹಿಂದಿನ ವಾರ ಬಂದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಸೌಮ್ಯ ಮಾತು. ಎದೆಯ ಎಕ್ಸ್‌ರೇ ದೀಪಕ್ಕೆ ಹಿಡಿದು ನೋಡಿದರು. ರೋಗ ಸದ್ಯಕ್ಕೆ ಕಾಲಿನಲ್ಲಷ್ಟೇ ಇದೆ. ಹಾಗೇ ಬಿಟ್ಟರೆ ಹರಡುತ್ತದೆ. ಕಾಲನ್ನು ಸೊಂಟದ ಹತ್ತಿರ ಪೂರ್ತಿ ತೆಗೆಯಬಹುದು. "ಆದ್ರ ವಯಸ್ಸಾಗೇತ್ರಿ ಇದಕ್ಕ. ಇನ್ನ ಹೆಚ್ಚು ನೋವಾಗೂಕಿಂತ ಮೊದಲ ಮಲಗಿಸಿಬಿಡೂದೂ ಒಂದು ದಾರಿ. ಭಾಳ ಮಂದಿ ಹಂಗ ಮಾಡ್ತಾರ."

"ಕಾಲ ತಗದ್ರ ಬದುಕತಾಳೇನು?"

"ಖಾತ್ರಿ ಕೊಡಾಕ ಬರೂದಿಲ್ರಿ."

"ಖಾತ್ರಿ ಕೇಳಿಲ್ಲ. ಆಸ್ಪದ ಅದನೋ ಇಲ್ಲೋ?"

"ಐತ್ರಿ."

ಅಕ್ಕೋರು ಗಾಳಿಯಲ್ಲಿ ಎರಡು ಗೆರೆ ಎಳೆದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು, "ತಗೀರಿ ಅಂತ್ರಿ," ಎಂದು ಅನುವಾದಿಸಿದೆ.

ವಾಪಸು ಬರುವಾಗ ಅವರು ಹೇಳಿದ ಮಾತು ನನಗೆ ನೆನಪಿದೆ, ಆದರೆ ಶಬ್ದಕ್ಕೆ ಶಬ್ದ ಅಲ್ಲದಿರಬಹುದು. "ನೋಡು, ಬುಟ್ಯಾಗ ಮಲಗಿ ಹಾಲು ಕುಡೀಲಿ ಅಂತ ನಾ ಇದನ್ನ ಮಾಡಸ್ತಿಲ್ಲ. ಆಕಿ ಮತ್ತ ಈರಣ್ಣನ ಅಟ್ಟಾ ಏರಬೇಕು. ತಾನ ಏರಬೇಕು. ಏರಲಿಲ್ಲಂದ್ರ ನಾ ಮಾಡಿದ್ದು ತಪ್ಪು."

ಸುದ್ದಿ ತಿಳಿದು ಬಾಗಲಕೋಟೆಯಿಂದ ಅವರ ತಮ್ಮ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಮಾತಿನವರು. ಅವರು ಬರುವಷ್ಟರಲ್ಲಿ ಕಾಲು ಹೋಗಿ, ಬೆಕ್ಕು ಮನೆಗೆ ಬಂದು ಮಲಗಿತ್ತು. ಎಲ್ಲಿ ಎಂದರೆ ದೇವರ ಕೋಣೆಯಲ್ಲಿ. ಗಾಳಿ ಬಡಿಯದ, ಹೊಸ್ತಿಲಿಲ್ಲದ, ಹತ್ತಲು ಏನೂ ಇಲ್ಲದ ಕೋಣೆ ಮನೆಯಲ್ಲಿ ಅದೊಂದೇ. ದೇವರುಗಳನ್ನು ಅಡಿಗೆಮನೆಯ ಗೋಡೆಯಲ್ಲಿದ್ದ ಮಾಡಿಗೆ ವರ್ಗ ಮಾಡಿದ್ದರು.

"ಅಕ್ಕಾ, ಅಪ್ಪ ಪೂಜಾ ಮಾಡಿದ ಕೋಣಿ ಅದು. ಅಲ್ಲೆ ಬೆಕ್ಕು, ರಕ್ತಾ, ಔಷಧಾ…"

"ದೇವರಿಗೆ ಊರ ತುಂಬ ಮನಿ ಅವ. ಆಕಿಗೆ ಇದೊಂದ."

"ಮಂದಿ ನಗ್ತಾರ."

"ನಲವತ್ತು ಮಂದಿಗೆ ಕೂಡಿಸಿ ಗಣಿತಾ ಕಲಿಸಿದಾಕಿ ನಾ. ಅಳೂ ಮಂದೀನ ಭಾಳ ನೋಡೇನಿ. ನಗೂ ಮಂದೀನೂ ನೋಡ್ತೇನಿ ಬಿಡು."

ಆ ದಿನಗಳಲ್ಲಿ ಮನೆಗೊಂದು ಕಾಯ್ದೆ ಬಂತು. ಬೆಕ್ಕನ್ನು ನೋಡಿ "ಪಾಪ" ಎಂದವರಿಗೆ ಚಹಾ ಇಲ್ಲ. ಶಂಕ್ರವ್ವ ಮೊದಲ ದಿನವೇ ಸಿಕ್ಕಿಬಿದ್ದಳು. ಓಣಿಯ ಹೆಂಗಸರು ಆಮೇಲಾಮೇಲೆ ಬಾಗಿಲಲ್ಲೇ ಬಾಯಿ ಒತ್ತಿ ಹಿಡಿದು ಒಳಗೆ ಬರುತ್ತಿದ್ದರು, ಕಣ್ಣಲ್ಲಿ ಮಾತ್ರ ಪಾಪ ಇರುತ್ತಿತ್ತು. ಅಕ್ಕೋರು ಅದನ್ನೂ ಗುರುತಿಸಿ ಅರ್ಧ ಕಪ್ಪು ಕೊಡುತ್ತಿದ್ದರು.

ಗಾಯ ನೆಕ್ಕಬಾರದೆಂದು ಡಾಕ್ಟರು ಬೆಕ್ಕಿನ ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರು. ಅದು ಎಲ್ಲೆಂದರಲ್ಲಿ ಬಡಿದು ಚಂದ್ರಿ ಊಟ ಬಿಟ್ಟಿತು. ಅದರ ಬದಲು ಮೈಗೆ ಅರಿವೆ ಹೊಲಿದು ತೊಡಿಸಬಹುದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಶಂಕ್ರವ್ವ ಹೊಲಿಯಲು ಮುಂದೆ ಬಂದಳು.

"ಹಳೇ ಅರಿವಿ ಬ್ಯಾಡ," ಎಂದರು ಅಕ್ಕೋರು. "ಯಾರೂ ಉಟ್ಟಿರಬಾರದು. ಗಾಯದ ಮ್ಯಾಲ ಬರೂದು."

"ಹಳೇದು ಯಾಕ್ರಿ? ಗುಳೇದಗುಡ್ಡದ ಹೊಸಾ ಖಣ ಐತಿ, ಇನ್ನ ಘಡಿ ಮುರದಿಲ್ಲ."

ಎರಡೂ ಮನೆಗಳಲ್ಲಿ ಘಡಿ ಮುರಿಯದ, ಮಡಿಕೆಯನ್ನೇ ಬಿಚ್ಚದ ಹೊಸ ಬಟ್ಟೆಯೇ ಎಲ್ಲಕ್ಕಿಂತ ಶುದ್ಧ. ಒಂದು ಮನೆಗೆ ಮಡಿಯಿಂದ ಬಂದ ನಂಬಿಕೆ, ಇನ್ನೊಂದಕ್ಕೆ ಕಸುಬಿನಿಂದ. ನಾನೂ ಅಲ್ಲೇ ಕೂತು ತಲೆಯಾಡಿಸಿದೆ. ಹೂವಿನ ಚಿತ್ತಾರದ ಕೆಂಪು ಖಣದ ಕುಬಸ ತೊಟ್ಟ ಬೆಕ್ಕನ್ನು ನೋಡಲು ಓಣಿಗೆ ಓಣಿಯೇ ಬಂತು. ಹೊಸ ಬಟ್ಟೆಯ ಗಂಜಿ ಯಾರ ತಲೆಗೂ ಹೊಳೆಯಲಿಲ್ಲ. ಮರುದಿನಕ್ಕೆ ರಟ್ಟಿನಂಥ ಆ ಬಟ್ಟೆ ತಿಕ್ಕಿ ತಿಕ್ಕಿ ಗಾಯ ಕೆಂಪೇರಿ, ಅದರ ಒಂದು ಹೊಲಿಗೆ ಬಿಚ್ಚಿಕೊಂಡಿತ್ತು. ಅಕ್ಕೋರು ಬುಟ್ಟಿ ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿದರು. ಸೌಮ್ಯ ಡಾಕ್ಟರು ಆವತ್ತು ಬೈದರಂತೆ. ಬಂದವರೇ ಶಂಕ್ರವ್ವನನ್ನು ಕರೆದು, ಅವಳು ಅಳುವ ಮೊದಲೇ, "ತಪ್ಪು ನಂದು. ಅರಿವಿ ಆರಿಸಿದಾಕಿ ನಾ," ಎಂದು ಗಾಳಿಯಲ್ಲಿ ಒಂದು ಗುಣಿಸು ಚಿಹ್ನೆ ಹಾಕಿದರು. ತಪ್ಪು ಉತ್ತರಕ್ಕೆ ಹಾಕುವ ಚಿಹ್ನೆ. ಅವರು ಅದನ್ನು ತಮಗೇ ಹಾಕಿಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಎರಡನೆಯ ಕುಬಸವನ್ನು ಈರಣ್ಣ ಉಟ್ಟು ಉಟ್ಟು ಬೆಣ್ಣೆಯಂತಾಗಿದ್ದ ಧೋತರದಲ್ಲಿ ಹೊಲಿದರು. ಮಡಿಯ ಮಾತು ಯಾರೂ ಎತ್ತಲಿಲ್ಲ.

ಗಾಯ ಮಾಯಿತು. ನಿಜವಾದ ತಂಟೆ ಆಮೇಲೆ ಶುರುವಾಯಿತು. ಬೆಕ್ಕು ಏಳಲು ನೋಡುತ್ತಿತ್ತು, ಎದ್ದು ಎರಡು ಹೆಜ್ಜೆಗೆ ಜಾರಿ ಬೀಳುತ್ತಿತ್ತು. ದೇವರ ಕೋಣೆಯಿಂದ ಹಿತ್ತಲ ಬಾಗಿಲಿಗೆ ಹೋಗಬೇಕೆಂದರೆ ಪಡಸಾಲೆ ದಾಟಬೇಕು, ಪಡಸಾಲೆ ಎಂದರೆ ಆ ನೆಲ. ಕೌದಿ ಹಾಸಿದರೆ ಕೌದಿಯೇ ಜಾರುತ್ತಿತ್ತು. ಗೋಣಿತಟ್ಟು ಹಾಕಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಅದು ಬಿದ್ದಾಗ ನಾನು ಎತ್ತಲು ಬಗ್ಗಿದೆ. ಅಕ್ಕೋರು ನನ್ನ ಅಂಗಿಯ ತೋಳು ಹಿಡಿದೆಳೆದರು.

"ಬಿಡು. ಬೀಳಲಿ."

ಬಿತ್ತು. ಎದ್ದಿತು. ಮತ್ತೆ ಬಿತ್ತು. ಈ ಸಲ ಏಳದೆ ಹಾಗೇ ಕೂತು, ಕಲ್ಲಿನಲ್ಲಿ ಕಾಣುವ ಇನ್ನೊಂದು ಬೆಕ್ಕನ್ನು ನೋಡುತ್ತಿತ್ತು. ಅಕ್ಕೋರೂ ಆ ಕಲ್ಲನ್ನೇ ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನ್ನ ನೆನಪು.

"ತಪ್ಪು ಆಕಿದಲ್ಲ," ಎಂದರು. "ನೆಲದ್ದು."

ಮರುದಿನ ಬೀಸುಕಲ್ಲು, ಒರಳುಗಳಿಗೆ ಉಳಿ ಹೊಡೆದು ಒರಟು ಮಾಡಿಕೊಡುವವನನ್ನು ಕರೆಸಿದರು. ಅವನು ಚೀಲ ಇಳಿಸಿ, "ಒರಳ ಎಲ್ಲೈತ್ರಿ?" ಎಂದ.

"ಒರಳಲ್ಲ. ಇದು."

ಅವನು ನೆಲ ನೋಡಿದ, ನೆಲದಲ್ಲಿ ತನ್ನ ಮುಖ ನೋಡಿದ, ಅಕ್ಕೋರ ಮುಖ ನೋಡಿದ. "ಚೇಷ್ಟಿ ಮಾಡಬ್ಯಾಡ್ರಿ ಅಕ್ಕೋರ. ಇಂಥಾ ಕಲ್ಲಿಗೆ ಉಳಿ ಹಚ್ಚಾಕ ನನ್ನ ಕೈ ಬರೂದಿಲ್ಲ."

ಅಕ್ಕೋರು ಸೀಮೆಸುಣ್ಣದಿಂದ ದೇವರ ಕೋಣೆಯಿಂದ ಹಿತ್ತಲ ಬಾಗಿಲವರೆಗೆ ಎರಡು ಸಮಾಂತರ ರೇಖೆ ಎಳೆದರು. ಸ್ಕೇಲು ಬೇಕಿರಲಿಲ್ಲ ಅವರಿಗೆ. ನಡುವೆ ಒಂದು ಬೆಕ್ಕು ಆರಾಮಾಗಿ ನಡೆಯುವಷ್ಟು ಅಗಲ. ಆಮೇಲೆ ಕೋಣೆಯ ಬಾಗಿಲು ತೆರೆದು ಒಳಗೆ ಕೂತಿದ್ದ ಚಂದ್ರಿಯನ್ನು ತೋರಿಸಿದರು. ಅವನು ನೋಡಿದ. ಚೀಲದಿಂದ ಉಳಿ ತೆಗೆದು, ಬೇರೆಯದೇ ದನಿಯಲ್ಲಿ, "ಹಗೂರ ಹೊಡೀಲ್ಯೋ, ಜೋರ ಹೊಡೀಲ್ಯೋ?" ಎಂದ.

"ಉಗುರಿಗೆ ಹಿಡಿತ ಸಿಗಬೇಕು, ಅಂಗಾಲು ಕೊಯ್ಯಬಾರದು. ಅಷ್ಟ."

ಮೊದಲ ಏಟಿಗೆ ಶಂಕ್ರವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಅಯ್ಯ ನನ ಶಿವನ! ಕನ್ನಡಿಯಂಥಾ ನೆಲಾ…"

"ಕನ್ನಡಿ ಒಳಗ ಗ್ವಾಡಿ ಮ್ಯಾಲದ," ಎಂದರು ಅಕ್ಕೋರು, ಕಲ್ಲಿನ ಪುಡಿ ಗುಡಿಸುತ್ತ.

ಸಂಜೆಗೆ ಕೆಂಪು ಪಡಸಾಲೆಯ ನಡುವೆ ಬೂದುಬಣ್ಣದ ಒಂದು ಒರಟು 'ರಸ್ತೆ' ಬಿದ್ದಿತ್ತು. ಬೆಕ್ಕು ಏನು ಮಾಡಿತೆಂದರೆ, ರಸ್ತೆಯ ಪಕ್ಕದ ನುಣುಪು ಕಲ್ಲಿನ ಮೇಲೆ ಹೋಗಿ ಕೂತುಕೊಂಡಿತು. ನಾನು ನಗು ತಡೆಯಲಾರದೆ, "ಸಾಧಿಸಿ ತೋರಸ್ರಿ ಅಕ್ಕೋರ," ಎಂದೆ.

"ಬೆಕ್ಕಿಗೆ ಪುರಾವೆ ಕೊಡೋ ಚಟಾ ಇಲ್ಲ. ಅದು ಮನುಷ್ಯಾಂದು," ಎಂದರು.

ಆಮೇಲೆ ಅದು ಆ ದಾರಿಯಲ್ಲಿ ನಡೆಯಿತು. ಮೊದಲ ಸಲ ನಡೆದದ್ದನ್ನು ನಾನು ಕಂಡೆನೋ, ಅಕ್ಕೋರು ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದ್ದನ್ನೇ ಕಂಡೆನೆಂದುಕೊಂಡಿದ್ದೇನೋ, ಹೇಳಲಾರೆ. ಜಿಗಿದು ಜಿಗಿದು, ನಡುವೆ ನಿಂತು, ಸೊಂಟ ಓಲಾಡಿಸಿ, ಮತ್ತೆ ಜಿಗಿದು ಹಿತ್ತಲ ಬಾಗಿಲು ಮುಟ್ಟುತ್ತಿತ್ತು. ಅಲ್ಲಿಂದ ಈರಣ್ಣನ ಮನೆ. ಮಗ್ಗದ ಹತ್ತಿರ ಕೂತು ತಲೆಯೆತ್ತಿ ಅಟ್ಟ ನೋಡುತ್ತಿತ್ತು. ಏರುತ್ತಿರಲಿಲ್ಲ.

"ಎತ್ತಿ ಮ್ಯಾಲ ಇಡಲ್ರಿ?" ಎಂದು ಈರಣ್ಣ ಕೇಳಿದಾಗಲೆಲ್ಲ ಅಕ್ಕೋರು ಒಂದೇ ಮಾತು ಹೇಳುತ್ತಿದ್ದರು: "ಕೈ ಹಚ್ಚಿದ್ರ ನೋಡು."

ಊರಿಗೆ ಇದಕ್ಕೆಲ್ಲ ಒಂದು ಕಾರಣ ಬೇಕಿತ್ತು. ಮಕ್ಕಳಿಲ್ಲದವರು, ಅದಕ್ಕೇ ಎಂದರು ಕೆಲವರು. ಅವರಿಗೇ ಕ್ಯಾನ್ಸರ್ ಆಗಿದೆ, ಯಾರಿಗೂ ಹೇಳಿಲ್ಲ ಎಂದರು ಇನ್ನು ಕೆಲವರು. ಈ ಎರಡನೆಯದು ನನಗೂ ಸರಿ ಎನಿಸಿತ್ತು. ಓದಿಕೊಂಡವರಿಗೆ ಬೇಗ ಸರಿ ಎನಿಸುವ ವಿವರಣೆ ಅದು. ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

"ನನಗ ಬಿ.ಪಿ. ಅದ. ಮೊಣಕಾಲು ನೋಯ್ತದ. ಕ್ಯಾನ್ಸರ್ ಆಕಿಗೆ ಆಗ್ಯದ. ಯಾರ ರೋಗ ಅವರಿಗಿರಲಿ," ಎಂದರು. ಮಹಿಳೆಯರ ಸಂಘವೊಂದು ಆತ್ಮವಿಶ್ವಾಸದ ಬಗ್ಗೆ ಮಾತಾಡಲು, ಬೆಕ್ಕನ್ನೂ ಕರೆದುಕೊಂಡು ಬನ್ನಿ ಎಂದು ಕರೆದಾಗ, "ಬೆಕ್ಕಿಗೆ ಕಾಲು ಹೋಗ್ಯದ, ಆಕಿ ಅಟ್ಟಾ ಏರಬೇಕು. ಇದರಾಗ ನಿಮಗ ಹೇಳೂದು ಏನೂ ಇಲ್ಲ," ಎಂದು ಕಳಿಸಿದರು.

ಆ ವರ್ಷ ಈರಣ್ಣನ ಮಗಳ ಲಗ್ನ ಮನೆಯಲ್ಲೇ ಆಯಿತು. ಮಗ್ಗದ ಮನೆಗೆ ಸುಣ್ಣ, ಅಟ್ಟದ ಕಂಬಕ್ಕೆ ಹಸಿರು ಎಣ್ಣೆಬಣ್ಣ. ಅಕ್ಕೋರು ಬೆಕ್ಕನ್ನು ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಬೀಗರ ಕಡೆಯ ಹಿರಿಯನೊಬ್ಬ ಎಲ್ಲರಿಗೂ ಕೇಳುವಂತೆ, "ಲಗ್ನದ ಮನ್ಯಾಗ ಕರಿ ಬೆಕ್ಕು, ಅದೂ ಕಾಲಿಲ್ಲದ್ದು!" ಎಂದ. ಈರಣ್ಣನ ಮುಖ ಇಳಿಯಿತು. ಬೀಗರು, ಏನೂ ಅನ್ನುವಂತಿಲ್ಲ.

"ಈ ಲಗ್ನಕ್ಕ ನೇದ ಸೀರಿ ಇಲಿ ಮುಟ್ಟದಂಗ ಕಾಯ್ದಾಕಿ ಈಕಿ," ಎಂದರು ಅಕ್ಕೋರು. "ನೀವೇನು ಕಾಯ್ದೀರಿ ಹೇಳ್ರಿ?"

ಒಬ್ಬರು ನಕ್ಕರು, ಆಮೇಲೆ ಹಲವರು ನಕ್ಕರು, ಕೊನೆಗೆ ಆ ಹಿರಿಯನೂ ನಕ್ಕ. ಅಕ್ಕೋರು ಮಾತ್ರ ನಗಲಿಲ್ಲ. ಒಂದು ಕೈಯಿಂದ ಅಕ್ಷತೆ ಹಾಕಿ, ಹೊಸ ಬಣ್ಣದ ಕಂಬವನ್ನು ನೋಡಿ, "ಚಂದ ಆಗ್ಯದ ಈರಣ್ಣ. ಆದ್ರ ಜಾರತದ," ಎಂದರು. ಕಂಬದ ಮೇಲಿದ್ದ ಹಳೆಯ ಉಗುರಿನ ಗುರುತುಗಳೆಲ್ಲ ಆ ಬಣ್ಣದಡಿ ಮುಚ್ಚಿಹೋಗಿದ್ದವು.

ಮುಂದೆ ನನಗೆ ಬಾದಾಮಿಗೆ ವರ್ಗವಾಯಿತು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರ ಫೋನು ಬಂತು. ಕುಶಲ ಗಿಶಲ ಏನೂ ಇಲ್ಲ.

"ಏರಿದ್ಲು."

"ನೀವು ನೋಡಿದ್ರೇನ್ರಿ?"

"ಏರೂದು ನೋಡಿಲ್ಲ. ಹೋದಾಗ ಮ್ಯಾಲ ಕೂತಿದ್ಲು. ಬಾಲಾ ಇಳಿಬಿಟ್ಟಿದ್ಲು."

"ಈರಣ್ಣ ನೋಡಿದನೇನ್ರಿ?"

"ಅವ ಉಣ್ಣಾಕ ಹೋಗಿದ್ದ."

"ಹಂಗಿದ್ರ ಯಾರರ ಎತ್ತಿ ಇಟ್ಟಿರಬೇಕ್ರಿ ಅಕ್ಕೋರ. ನಿಮಗ ಸಮಾಧಾನ ಆಗಲಿ ಅಂತ. ಶಂಕ್ರವ್ವ ಇಟ್ಟಿರಬಹುದು."

ಸಿಟ್ಟಾಗುತ್ತಾರೆ ಎಂದುಕೊಂಡೆ. ಆದರೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬರೋಬರಿ ಪ್ರಶ್ನಿ ಕೇಳಿದಿ. ಬಂದು ನೋಡು. ಸಾಧಿಸಿ ತೋರಸು, ಇಲ್ಲಾ ಸುಳ್ಳು ಅಂತ ಸಾಧಿಸು," ಎಂದು ಫೋನಿಟ್ಟರು. ಗಾಳಿಯಲ್ಲಿ ಗೆರೆ ಎಳೆದರೋ ಇಲ್ಲವೋ, ಫೋನಿನಲ್ಲಿ ಕಾಣುವುದಿಲ್ಲ.

ಮತ್ತೆ ಅವರು ಆ ಮಾತೆತ್ತಲಿಲ್ಲ. ಚಂದ್ರಿ ಇನ್ನೂ ಕೆಲವು ವರ್ಷ ಬದುಕಿತು. ಅದು ಹೋದಾಗ ಅವರೇ ತಿಳಿಸಿದರು: "ಮುದುಕಿ ಆಗಿದ್ಲು, ಹೋದ್ಲು. ಪಾಪ ಅನಬ್ಯಾಡ." ಅನ್ನಲಿಲ್ಲ. ಮುಂದಿನ ಶ್ರಾವಣದಲ್ಲಿ ಅಕ್ಕೋರೇ ಹೋದರು. ಈರಣ್ಣ ಫೋನಿನಲ್ಲಿ ಹೇಳಿದಾಗ ನನ್ನ ನಾಲಿಗೆಯ ತುದಿಗೆ ಬಂದ ಮೊದಲ ಮಾತು ಅದೇ, ಹೊರಗೆ ಬಿಡಲಿಲ್ಲ.

ಇಷ್ಟನ್ನು ಬರೆದಿಟ್ಟ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಕಳೆದ ರವಿವಾರ ಇಳಕಲ್ಲಿಗೆ ಹೋದೆ. ಅಕ್ಕೋರ ತಮ್ಮ ಮನೆ ತೆರೆದು ಧೂಳು ಹೊಡೆಸುತ್ತಿದ್ದರು. ದೇವರುಗಳು ದೇವರ ಕೋಣೆಗೆ ಮರಳಿದ್ದವು. ಚಪ್ಪಲಿ ಬಿಟ್ಟು ಆ ಒರಟು ದಾರಿಯ ಮೇಲೆ ಹಿತ್ತಲವರೆಗೆ ನಡೆದೆ. ಅಂಗಾಲಿಗೆ ಕಚ್ಚುತ್ತದೆ, ಕೊಯ್ಯುವುದಿಲ್ಲ.

"ಬಾಡಿಗಿ ಕೊಡೂಕಿಂತ ಮೊದಲ ಇದನ್ನೊಂದು ಸರಿ ಮಾಡಸಬೇಕ್ರಿ," ಎಂದರು ತಮ್ಮ.

"ಸರಿನ ಐತ್ರಿ ಅದು," ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ಈರಣ್ಣನ ಮಗ್ಗದ ಮನೆಯಲ್ಲಿ ಕಂಬ ಹಾಗೇ ಇತ್ತು, ಮಗಳ ಲಗ್ನದ ಹಸಿರೇ. ಆಮೇಲೆ ಬಣ್ಣ ಹಚ್ಚಿಲ್ಲ, ಬೇರೆ ಬೆಕ್ಕು ಸಾಕಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಹೇಳಿದರು. ಎತ್ತಿ ಇಟ್ಟಿದ್ದೆಯಾ ಎಂದು ಶಂಕ್ರವ್ವನನ್ನು ಕೇಳಿದೆ. "ಅಕ್ಕೋರ ಕೈ ಮುರೀತಿದ್ರು," ಎಂದಳು. ಆದರೆ ಅದು ಬಾಯಿಮಾತು. ಬಾದಾಮಿಯಲ್ಲಿ ಸವೆದ ಶಾಸನಗಳನ್ನು ಓದುವಾಗ ನಾವು ಬೆಳಕನ್ನು ಎದುರಿನಿಂದ ಬಿಡುವುದಿಲ್ಲ, ಬದಿಯಿಂದ ಓರೆಯಾಗಿ ಬಿಡುತ್ತೇವೆ. ಆಗ ಗೀರು ನೆರಳು ಹಿಡಿಯುತ್ತದೆ. ಮೊಬೈಲಿನ ದೀಪವನ್ನು ಕಂಬಕ್ಕೆ ಹಾಗೆ ಹಿಡಿದೆ.

ಕಂಬ ಚೌಕಾಕಾರದ್ದು. ಅದರ ಮುಂಬದಿಯ ಎರಡೂ ಅಂಚುಗಳಲ್ಲಿ, ಮುಂಗಾಲುಗಳಿಂದ ತಬ್ಬಿ ಹಿಡಿದ ಕಡೆ, ಹಸಿರು ಬಣ್ಣದ ಮೇಲೆ ಗೀರುಗಳಿದ್ದವು, ಕೆಳಗಿನಿಂದ ಅಟ್ಟದವರೆಗೆ. ನಡುವಿನ ಮುಖದಲ್ಲಿ, ಹಿಂಗಾಲು ಒದ್ದು ಮೈ ಮೇಲೆತ್ತಬೇಕಾದ ಕಡೆ, ಬಲ ಅರ್ಧದಲ್ಲಿ ಬಣ್ಣ ಕಿತ್ತು ಕಟ್ಟಿಗೆ ಕಾಣುತ್ತಿತ್ತು. ಗೀರಿನ ಮೇಲೆ ಗೀರು ಬಿದ್ದು ಆಳವಾಗಿತ್ತು. ಒಂದು ಸಲ ಏರಿದರೆ ಹಾಗಾಗುವುದಿಲ್ಲ. ಎಡ ಅರ್ಧದಲ್ಲಿ ಬಣ್ಣ ಲಗ್ನದ ದಿನ ಹಚ್ಚಿದಂತೆಯೇ ಇತ್ತು. ಬೆಕ್ಕು ನಿಲ್ಲುವಂತೆ ಕಂಬಕ್ಕೆ ಮುಖ ಮಾಡಿ ನಿಂತು, ನನ್ನ ಎಡ ಯಾವುದು ಬಲ ಯಾವುದು ಎಂದು ಇನ್ನೊಮ್ಮೆ ನೋಡಿಕೊಂಡೆ.

ಹೋದದ್ದು ಎಡಗಾಲು.